ಕಪ್ಪುಕುಳಿಯನ್ನು ಅಲುಗಿಸಿ ನೋಡಿದವರು

1970ರ ಆಗಸ್ಟ್ 29ರ ‘ನೇಚರ್’ ಪತ್ರಿಕೆಯಲ್ಲಿ ಮೂರು ಪುಟದ ಪ್ರಬಂಧವೊಂದು ಅಚ್ಚಾಯಿತು. ಬರೆದವರು ಒಬ್ಬರೇ, ಸಿ. ವಿ. ವಿಶ್ವೇಶ್ವರ. ಹುಟ್ಟೂರು ಬೆಂಗಳೂರು, ಆಗ ವಯಸ್ಸು ಮೂವತ್ತೆರಡು, ಕೆಲಸ ಅಮೆರಿಕದಲ್ಲಿ. ಒಳಗೆ ಬಿದ್ದದ್ದನ್ನು ಹೊರಗೆ ಬಿಡದ ಕಪ್ಪುಕುಳಿಯನ್ನು ಹೊರಗಿನಿಂದ ಒಮ್ಮೆ ತಟ್ಟಿದರೆ ಏನಾದೀತು ಎಂದು ಅವರು ಲೆಕ್ಕ ಹಾಕಿದ್ದರು. ಅದು ನಡುಗುತ್ತದೆ, ತನ್ನದೇ ಲಯದಲ್ಲಿ ನಡುಗುತ್ತದೆ, ಬೇಗನೆ ಸುಮ್ಮನಾಗುತ್ತದೆ ಎಂಬ ಉತ್ತರ ಬಂದಿತ್ತು. ಅಂಥದ್ದೊಂದು ವಸ್ತು ಆಕಾಶದಲ್ಲಿ ಇದೆಯೋ ಇಲ್ಲವೋ ಎಂಬುದೇ ಆಗ ಖಚಿತವಿರಲಿಲ್ಲ. ಲೆಕ್ಕ ಸರಿಯೆಂದು ಕಂಡದ್ದು ನಲವತ್ತೈದು ವರ್ಷ ಕಳೆದ ಮೇಲೆ.

ಇದನ್ನು ಕನ್ನಡಿಗನೊಬ್ಬನ ಸಾಧನೆಯೆಂದು ಹೊಗಳಿ ಮುಗಿಸುವುದು ಸುಲಭ. ಪತ್ರಿಕೆಗಳಲ್ಲಿ ಅದು ಸಾಕಷ್ಟು ಆಗಿದೆ. ನನಗೆ ಈ ಕತೆಯಲ್ಲಿ ಬೇರೆ ಆಸಕ್ತಿ ಇದೆ. ವಿಶ್ವೇಶ್ವರ ಕೇಳಿದ ಪ್ರಶ್ನೆಗಳು ಬಿಎಸ್ಸಿ ಮೊದಲ ವರ್ಷದ ಯಂತ್ರಶಾಸ್ತ್ರದ ಪ್ರಶ್ನೆಗಳು. ಪುತ್ತೂರು, ಸುಳ್ಯ, ಕಡಬದ ಮಕ್ಕಳು ಪ್ರತಿ ವರ್ಷ ಅವೇ ಪ್ರಶ್ನೆಗಳನ್ನು ಪರೀಕ್ಷೆಗೆ ಬರೆದು, ಅಂಕ ತೆಗೆದುಕೊಂಡು, ಮರೆತುಬಿಡುತ್ತಾರೆ.

ಮೊದಲ ವರ್ಷದ ಭೌತವಿಜ್ಞಾನ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ದಾರಿಯಲ್ಲಿ ಸಾಗುತ್ತದೆ. ನ್ಯೂಟನ್ನನ ನಿಯಮಗಳು, ಘರ್ಷಣೆ, ತಿರುಗುವ ಚಕ್ರ, ಲೋಲಕ, ಆಮೇಲೆ ಪುಸ್ತಕದ ಕೊನೆಗೆ ಸಾಪೇಕ್ಷತೆ. ಅಷ್ಟರಲ್ಲಿ ಪರೀಕ್ಷೆ ಹತ್ತಿರ ಬಂದಿರುತ್ತದೆ, ಮೇಷ್ಟ್ರಿಗೂ ಮಕ್ಕಳಿಗೂ ಅವಸರ. ಗಡಿಯಾರ ನಿಧಾನವಾಗುತ್ತದೆ, ಕೋಲು ಕುಗ್ಗುತ್ತದೆ, ಅವಳಿ ಸೋದರರಲ್ಲಿ ಒಬ್ಬ ಚಿಕ್ಕವನಾಗಿ ಉಳಿಯುತ್ತಾನೆ ಎಂದು ಓಡಿಸಿ ಮುಗಿಸುತ್ತಾರೆ. ಹೀಗಾಗಿ ಯಂತ್ರಶಾಸ್ತ್ರ ಹಳೆಯದು, ಬೇಸರದ್ದು, ಸಾಪೇಕ್ಷತೆ ಹೊಸದು, ಬೆರಗಿನದು ಎಂಬ ಭಾವನೆ ಉಳಿದುಬಿಡುತ್ತದೆ. ಇದಕ್ಕಿಂತ ತಪ್ಪಾದ ಭಾವನೆ ಬೇರೊಂದಿಲ್ಲ ಎನ್ನುವುದಕ್ಕೆ ವಿಶ್ವೇಶ್ವರರ ಮೂರು ಪುಟವೇ ಸಾಕು.

ಪ್ರಯೋಗಾಲಯದಲ್ಲಿ ಬಾರ್ ಪೆಂಡ್ಯುಲಂ ಎಂದೊಂದು ಇರುತ್ತದೆ. ಉದ್ದಕ್ಕೆ ತೂತು ಕೊರೆದ ಹಿತ್ತಾಳೆಯದೋ ಕಬ್ಬಿಣದ್ದೋ ಪಟ್ಟಿ. ಅದನ್ನು ಚೂಪು ಅಂಚಿನ ಮೇಲೆ ತೂಗುಹಾಕಿ, ಸ್ವಲ್ಪ ಅಲುಗಿಸಿ, ಸ್ಟಾಪ್‌ವಾಚ್ ಹಿಡಿದು ಇಪ್ಪತ್ತು ಓಲಾಟಕ್ಕೆ ಎಷ್ಟು ಹೊತ್ತಾಯಿತೆಂದು ಬರೆದುಕೊಳ್ಳಬೇಕು. ಗ್ರಾಫ್ ಹಾಕಿ ಗುರುತ್ವದ ಬೆಲೆ ತೆಗೆದು ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರೆ ಆ ದಿನದ ಪಾಡು ಮುಗಿಯಿತು. ‘ಸ್ವಲ್ಪವೇ ಅಲುಗಿಸಿ’ ಎಂದು ಮೇಷ್ಟ್ರು ಎರಡು ಮೂರು ಸಲ ಹೇಳುತ್ತಾರೆ. ಯಾಕೆಂದು ಕೇಳುವವರು ಕಡಿಮೆ. ಹೆಚ್ಚು ಅಲುಗಿಸಿದರೆ ಸಮೀಕರಣ ತೊಡಕಾಗುತ್ತದೆ. ಸ್ವಲ್ಪ ಅಲುಗಿಸಿದರೆ ಯಾವ ವ್ಯವಸ್ಥೆಯಾದರೂ ಸರಳ ಸಮೀಕರಣಕ್ಕೆ ಬಗ್ಗುತ್ತದೆ. ಸಮಸ್ಥಿತಿಯಲ್ಲಿರುವ ಯಾವುದನ್ನಾದರೂ ಅರಿಯಬೇಕಾದರೆ ಅದನ್ನು ಸ್ವಲ್ಪವೇ ಅಲುಗಿಸಿ ನೋಡು ಎಂಬುದು ಭೌತವಿಜ್ಞಾನಿಗಳ ಅತ್ಯಂತ ಹಳೆಯ, ಅತ್ಯಂತ ನಂಬಿಕೆಯ ಉಪಾಯ.

ಇದನ್ನು ನೋಡಲು ನಮ್ಮ ಕಡೆಯವರಿಗೆ ಕಾಲೇಜೇ ಬೇಕೆಂದಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವವರು ಅಡಿಕೆ ಮರದ ತಲೆಯಲ್ಲಿ ಕೂತು, ಮರವನ್ನೇ ತೂಗಾಡಿಸಿ, ಪಕ್ಕದ ಮರವನ್ನು ಕೈಗೆ ಎಟುಕಿಸಿಕೊಂಡು ದಾಟುತ್ತಾರೆ. ಇಳಿದು ಹತ್ತುವ ಶ್ರಮ ಉಳಿಯುತ್ತದೆ. ಅವರು ದಾಟಿದ ಮೇಲೆ ಬಿಟ್ಟ ಮರವನ್ನು ನೋಡಬೇಕು. ಅದು ಹಿಂದಕ್ಕೆ ಹೋಗಿ, ನೆಟ್ಟಗಿನ ಸ್ಥಾನವನ್ನು ದಾಟಿ, ಮತ್ತೆ ಬಂದು, ಹೀಗೆ ಓಲಾಡುತ್ತ ನಿಲ್ಲುತ್ತದೆ. ಓಲಾಟದ ಹರವು ಕಡಿಮೆಯಾಗುತ್ತ ಹೋದರೂ ಒಂದೊಂದು ಓಲಾಟಕ್ಕೆ ಹಿಡಿಯುವ ಹೊತ್ತು ಹೆಚ್ಚು ಕಡಿಮೆ ಅಷ್ಟೇ. ಅದೇ ಮರವನ್ನು ಮಂಗ ಹಾರಿ ಅಲುಗಿಸಿದರೂ, ಗಾಳಿ ಅಲುಗಿಸಿದರೂ, ಬಿಟ್ಟ ಮೇಲೆ ಬರುವ ಲಯ ಅದೇ. ಅಲುಗಿಸಿದವರು ಯಾರು ಎಂಬುದು ಮರಕ್ಕೆ ನೆನಪಿರುವುದಿಲ್ಲ. ಎತ್ತರ, ದಪ್ಪ, ಕಾಂಡದ ಬಿಗಿ, ತಲೆಯ ಭಾರ ಇವಷ್ಟೇ ಲಯವನ್ನು ತೀರ್ಮಾನಿಸುತ್ತವೆ. ಎತ್ತರದ ಹಳೆ ಮರ ನಿಧಾನ, ಎಳೆ ಮರ ಚುರುಕು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ಮರವನ್ನು ಮೆಲ್ಲಗೆ ಬಗ್ಗಿಸಿ ಮೆಲ್ಲಗೇ ಬಿಟ್ಟರೆ ಅದು ಓಲಾಡುವುದಿಲ್ಲ, ಸುಮ್ಮನೆ ನೆಟ್ಟಗಾಗುತ್ತದೆ. ಓಲಾಡಬೇಕಾದರೆ ತಟ್ಟನೆ ಬಿಡಬೇಕು. ಈ ಮಾತು ಮುಂದೆ ಬೇಕಾಗುತ್ತದೆ.

ಅಲುಗಾಟದ ಪಾಠ ತೋಟದಲ್ಲಿ ಸಿಕ್ಕಿತು. ಸಾಪೇಕ್ಷತೆಯ ಪಾಠಕ್ಕೆ ನೆಟ್ಟಣದ ರೈಲು ಇದೆ. ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದು ನೆಟ್ಟಣದಲ್ಲಿ. ಕುಕ್ಕೆಗೆ ಹೋಗುವ ಯಾತ್ರಿಕರು ಇಲ್ಲಿ ಇಳಿದು ಬಸ್ಸೋ ಜೀಪೋ ಹತ್ತುತ್ತಾರೆ. ಇಲ್ಲಿಂದ ಸಕಲೇಶಪುರದವರೆಗೆ 55 ಕಿಲೋಮೀಟರ್ ಘಾಟಿ, 57 ಸುರಂಗ. 1979ರಲ್ಲಿ ಮೀಟರ್ ಗೇಜಿನಲ್ಲಿ ಶುರುವಾದ ದಾರಿ 1996ರಲ್ಲಿ ಮುಚ್ಚಿ, ಬ್ರಾಡ್ ಗೇಜ್ ಆಗಿ, 2007ರ ಕೊನೆಗೆ ಮತ್ತೆ ಪ್ರಯಾಣಿಕರನ್ನು ಹತ್ತಿಸಿಕೊಂಡಿತು. ಘಾಟಿಯ ಏರು 50ಕ್ಕೆ 1. ಅಂದರೆ ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲಕ್ಕೆ. ಕಾಲ್ನಡಿಗೆಯವನಿಗೆ ಇದು ಏರೇ ಅಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳಬೇಕಾದಲ್ಲಿ ಮಾತ್ರ ಇದು ಭಾರೀ ಏರು, ಹಾಗಾಗಿ ಹಿಂದಿನಿಂದ ದೂಡಲು ಇಲ್ಲಿ ಬೇರೆ ಎಂಜಿನ್ ಕಟ್ಟುವ ರೂಢಿ ಬಂತು.

ಈ ಗಾಡಿಯಲ್ಲಿ ಒಂದು ಮೀಟರ್ ಉದ್ದದ ದಾರಕ್ಕೆ ಬೀಗದ ಕೈ ಕಟ್ಟಿ ತೂಗುಹಾಕಿ. ಗಾಡಿ ಒಂದೇ ವೇಗದಲ್ಲಿ ಏರು ಹತ್ತುವಾಗ ಬೀಗದ ಕೈ ಬೋಗಿಯ ನೆಲಕ್ಕೆ ಲಂಬವಾಗಿ ನಿಲ್ಲದೆ ಹಿಂಬದಿಗೆ ಎರಡು ಸೆಂಟಿಮೀಟರ್ ವಾಲುತ್ತದೆ. ಈಗ ಇದೇ ಗಾಡಿ ಪಣಂಬೂರಿನಂಥ ಸಮತಟ್ಟು ಜಾಗದಲ್ಲಿ ನಿಂತಲ್ಲಿಂದ ಹೊರಟು, ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 20 ಸೆಂಟಿಮೀಟರಿನಷ್ಟು ಏರಿಸಿಕೊಳ್ಳುತ್ತಿದೆ ಎನ್ನಿ. ಆಗಲೂ ಬೀಗದ ಕೈ ಹಿಂಬದಿಗೆ ಅದೇ ಎರಡು ಸೆಂಟಿಮೀಟರ್ ವಾಲುತ್ತದೆ. ಸುರಂಗದ ಕತ್ತಲಲ್ಲಿ ಕಿಟಕಿ ಹಾಕಿ, ಕಿವಿ ಮುಚ್ಚಿ ಕೂತವನಿಗೆ ದಾರದ ಓರೆಯೊಂದನ್ನೇ ನೋಡಿ ತಾನು ಏರು ಹತ್ತುತ್ತಿದ್ದೇನೋ, ಸಮತಟ್ಟಿನಲ್ಲಿ ವೇಗ ಹೆಚ್ಚಿಸಿಕೊಳ್ಳುತ್ತಿದ್ದೇನೋ ಹೇಳಲಾಗದು.

ಮೊದಲ ವರ್ಷದ ಪುಸ್ತಕ ಈ ಎರಡನೆಯ ಓರೆಗೆ ಹುಸಿ ಬಲ ಕಾರಣ ಎನ್ನುತ್ತದೆ. ಬೋಗಿಯೊಳಗೆ ಕೂತು ಲೆಕ್ಕ ಮಾಡುವವನ ಅನುಕೂಲಕ್ಕೆ ಸೇರಿಸಿಕೊಂಡ ಬಲ ಅದು. ಅದರ ಗುರುತು, ವಸ್ತುವಿನ ದ್ರವ್ಯರಾಶಿ ಎಷ್ಟೋ ಬಲವೂ ಅಷ್ಟು. ಹಾಗಾಗಿ ಬೀಗದ ಕೈ ಆದರೂ ಗುಂಡುಕಲ್ಲು ಆದರೂ ಓರೆ ಒಂದೇ. ಗುರುತ್ವ ಬಲಕ್ಕೂ ಇದೇ ಗುಣ ಇದೆಯಲ್ಲ ಎಂದು ನ್ಯೂಟನ್ನನಿಗೂ ಗೊತ್ತಿತ್ತು. ಹಾಗಾದರೆ ಗುರುತ್ವವೂ ಇದೇ ಜಾತಿಯ ಬಲ ಯಾಕಾಗಬಾರದು ಎಂದು 1907ರಲ್ಲಿ ಕೇಳಿದವರು ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿದ್ದ ಐನ್‌ಸ್ಟೈನ್. ಆ ಪ್ರಶ್ನೆಯನ್ನು ಎಂಟು ವರ್ಷ ಹಿಡಿದು ಜಗ್ಗಿ 1915ರ ನವೆಂಬರಿನಲ್ಲಿ ಸಾಮಾನ್ಯ ಸಾಪೇಕ್ಷತೆಯ ಸಮೀಕರಣಗಳನ್ನು ಮುಟ್ಟಿದರು. ಗುರುತ್ವವೆಂದರೆ ದೇಶ-ಕಾಲದ ಬಾಗು ಎಂದು ಅವು ಹೇಳಿದವು.

ಆ ಸಮೀಕರಣಗಳ ಮೊದಲ ಪೂರ್ಣ ಪರಿಹಾರ ಬಂದದ್ದು ಯುದ್ಧಭೂಮಿಯಿಂದ. ಜರ್ಮನ್ ಸೈನ್ಯದಲ್ಲಿ ರಷ್ಯದ ಗಡಿಯಲ್ಲಿದ್ದ ಖಗೋಳವಿಜ್ಞಾನಿ ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್ ಕೆಲವೇ ವಾರಗಳಲ್ಲಿ, ಒಂಟಿ ಗುಂಡು ವಸ್ತುವಿನ ಸುತ್ತ ದೇಶ-ಕಾಲ ಹೇಗೆ ಬಾಗುತ್ತದೆಂದು ಬಿಡಿಸಿದರು. 1916ರ ಮೇ ತಿಂಗಳಲ್ಲಿ ಕಾಯಿಲೆಯಿಂದ ತೀರಿಕೊಂಡರು. ಅವರ ಪರಿಹಾರದಲ್ಲಿ ಒಂದು ವಿಚಿತ್ರ ದೂರ ಇತ್ತು. ಸೂರ್ಯನಷ್ಟು ದ್ರವ್ಯರಾಶಿಯನ್ನು ಮೂರು ಕಿಲೋಮೀಟರ್ ತ್ರಿಜ್ಯದೊಳಗೆ ಒತ್ತಿದರೆ ಆ ಅಂಚಿನಲ್ಲಿ ಸೂತ್ರ ಕೈಕೊಡುತ್ತದೆ. ಭೂಮಿಗಾದರೆ ಒಂಬತ್ತು ಮಿಲಿಮೀಟರ್. ಪ್ರಕೃತಿ ಹಾಗೆ ಒತ್ತಲಿಕ್ಕಿಲ್ಲ ಎಂದು ಹೆಚ್ಚಿನವರು ಅದನ್ನು ಪಕ್ಕಕ್ಕಿಟ್ಟರು. ಆ ಅಂಚಿನ ತೊಂದರೆ ನಿಜವಾದದ್ದಲ್ಲ, ಅಳೆಯಲು ಆರಿಸಿಕೊಂಡ ನಿರ್ದೇಶಾಂಕಗಳದ್ದು ಎಂದು ಚೊಕ್ಕವಾಗಿ ತೋರಿಸುವ ಕ್ರುಸ್ಕಲ್ ನಿರ್ದೇಶಾಂಕಗಳು ಬರಬೇಕಾದರೆ 1960 ಆಯಿತು.

ಆ ಹೊತ್ತಿಗೆ ವಿಶ್ವೇಶ್ವರ ಎಂಎಸ್ಸಿ ಮುಗಿಸಿದ್ದರು. ಹುಟ್ಟಿದ್ದು 1938ರ ಮಾರ್ಚ್ 6ರಂದು, ಕನ್ನಡ ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಮಗನಾಗಿ. 1958ರಲ್ಲಿ ಬಿಎಸ್ಸಿ ಆನರ್ಸ್, ಮರುವರ್ಷ ಎಂಎಸ್ಸಿ, ಎರಡೂ ಮೈಸೂರು ವಿಶ್ವವಿದ್ಯಾಲಯದ್ದು. ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜು ಬಾಗಿಲು ತೆರೆದದ್ದೂ ಆ 1958ರಲ್ಲೇ. ವಿವೇಕಾನಂದ ಕಾಲೇಜು 1965ಕ್ಕೆ, ಸುಳ್ಯದ ನೆಹರೂ ಮೆಮೋರಿಯಲ್ ಕಾಲೇಜು 1976ಕ್ಕೆ ಬಂದವು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಆಗುವ ಮುಂಚೆ ನಮ್ಮ ಕಡೆಯ ಮಕ್ಕಳೂ ಮೈಸೂರು ವಿಶ್ವವಿದ್ಯಾಲಯದ ಪದವಿಯನ್ನೇ ಪಡೆಯುತ್ತಿದ್ದರು. ಪುತ್ತೂರಿನಲ್ಲೇ ಕೂತು ಶಿವರಾಮ ಕಾರಂತರು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದರು. ಹಾಗಾಗಿ ಬೆಂಗಳೂರಿನಲ್ಲಿದ್ದ ವಿಜ್ಞಾನ ಇಲ್ಲಿ ಇರಲಿಲ್ಲ ಎಂದು ಯಾರೂ ಗೊಣಗಬೇಕಾಗಿಲ್ಲ.

ಅಮೆರಿಕದಲ್ಲಿ ಮೊದಲು ಕೊಲಂಬಿಯ ವಿಶ್ವವಿದ್ಯಾಲಯ, ಅಲ್ಲಿಂದ ಮೇರಿಲ್ಯಾಂಡ್. ಮೇರಿಲ್ಯಾಂಡಿನಲ್ಲಿ ಗುರುವಾಗಿ ಸಿಕ್ಕವರು ಚಾರ್ಲ್ಸ್ ಮಿಸ್ನರ್. ಸಾಮಾನ್ಯ ಸಾಪೇಕ್ಷತೆ ಓದುವವರ ಕೈಯಲ್ಲಿ ಈಗಲೂ ಇರುವ, ಸಾವಿರದ ಇನ್ನೂರಕ್ಕೂ ಹೆಚ್ಚು ಪುಟದ ‘ಗ್ರಾವಿಟೇಶನ್’ ಪುಸ್ತಕದ ಮೂವರು ಲೇಖಕರಲ್ಲಿ ಒಬ್ಬರು. ಅವರ ಬಳಿ ವಿಶ್ವೇಶ್ವರ ಎತ್ತಿಕೊಂಡ ಪ್ರಶ್ನೆ: ಶ್ವಾರ್ಟ್ಸ್‌ಶಿಲ್ಡ್ ಹೇಳಿದ ವಸ್ತು, ಅಂದರೆ ಕಪ್ಪುಕುಳಿ, ಸ್ಥಿರವೇ?

ಕೇಳಲು ಸಾದಾ ಪ್ರಶ್ನೆ. ಲೋಲಕವನ್ನು ನೆನೆಸಿಕೊಳ್ಳಿ. ಗುಂಡು ಕೆಳಗಿದ್ದರೆ ಅದು ಸಮಸ್ಥಿತಿ. ಸಲಾಕೆಗೆ ಕಟ್ಟಿದ ಗುಂಡನ್ನು ತಲೆಕೆಳಗು ಮಾಡಿ ನೆಟ್ಟಗೆ ನಿಲ್ಲಿಸಿದರೆ ಅದೂ ಸಮಸ್ಥಿತಿ. ಎರಡಕ್ಕೂ ಬರೆಯುವ ಸಮೀಕರಣದಲ್ಲಿ ಒಂದೇ ಒಂದು ಚಿಹ್ನೆ ವ್ಯತ್ಯಾಸ. ಕಳೆ ಚಿಹ್ನೆ ಇದ್ದರೆ ಅಲುಗಾಟ ಹಿಂದಕ್ಕೂ ಮುಂದಕ್ಕೂ ಓಲಾಡುತ್ತದೆ, ಕೂಡು ಚಿಹ್ನೆ ಇದ್ದರೆ ಅಲುಗಾಟ ಕ್ಷಣಕ್ಷಣಕ್ಕೂ ಬೆಳೆದು ಎಲ್ಲ ಉರುಳುತ್ತದೆ. ತಲೆಕೆಳಗು ಲೋಲಕ ಕಾಗದದ ಮೇಲೆ ಸರಿಯಾದ ಪರಿಹಾರವೇ. ಹೊರಗೆ ಎಲ್ಲೂ ತನ್ನಷ್ಟಕ್ಕೆ ನಿಂತದ್ದು ಸಿಗುವುದಿಲ್ಲ. ಕಪ್ಪುಕುಳಿಯೂ ಹಾಗೆಯೇ ಕಾಗದದ ಮೇಲಿನ ವಸ್ತುವಾಗಿದ್ದರೆ? ಹತ್ತಿರದಿಂದ ಒಂದು ಧೂಳಿನ ಕಣ ಹಾದುಹೋದರೂ ಸಿಡಿಯುವಂಥದ್ದಾಗಿದ್ದರೆ? ಆಗ ಅದನ್ನು ಆಕಾಶದಲ್ಲಿ ಹುಡುಕುವುದು ವ್ಯರ್ಥ.

ಈ ದಾರಿಯಲ್ಲಿ ಮೊದಲು ನಡೆದವರು ಟುಲಿಯೊ ರೆಜ್ಜೆ ಮತ್ತು ಜಾನ್ ವೀಲರ್, 1957ರಲ್ಲಿ. ಬಾಗಿದ ದೇಶ-ಕಾಲವನ್ನು ಸ್ವಲ್ಪ ಅಲುಗಿಸಿದರೆ ಆ ಅಲುಗಾಟ ಪಾಲಿಸುವ ಸಮೀಕರಣವನ್ನು ಅವರು ಬರೆದಿದ್ದರು. ಆದರೆ ಕುಳಿಯ ಅಂಚಿನಲ್ಲಿ ಏನಾಗಬೇಕು ಎಂಬ ಷರತ್ತು ಗೋಜಲಾಗಿತ್ತು. ಅಲ್ಲಿ ಏನಾದರೂ ಅನಂತಕ್ಕೆ ಹೋದರೆ ಅದು ನಿಜವೋ, ಹಾಳು ನಿರ್ದೇಶಾಂಕದ ಚೇಷ್ಟೆಯೋ ಹೇಳುವುದು ಕಷ್ಟ. ವಿಶ್ವೇಶ್ವರ ಕ್ರುಸ್ಕಲ್ ನಿರ್ದೇಶಾಂಕಗಳನ್ನು ಬಳಸಿ ಗೋಜಲು ಬಿಡಿಸಿದರು. ವಾದ ಹೀಗೆ: ಕ್ಷಣಕ್ಷಣಕ್ಕೂ ಬೆಳೆಯುವ ಅಲುಗಾಟ ಒಂದಿದೆ ಎನ್ನೋಣ. ದೂರದಲ್ಲಿ ಅದು ಸೊನ್ನೆಗೆ ಇಳಿಯಲೇಬೇಕು. ಹಾಗೆ ಇಳಿಯುವುದನ್ನು ಹಿಡಿದು ಒಳಮುಖವಾಗಿ ಹಿಂಬಾಲಿಸಿದರೆ, ಕುಳಿಯ ಅಂಚಿನಲ್ಲಿ ಅದು ಮೊದಲ ಕ್ಷಣದಲ್ಲೇ ಅನಂತವಾಗಿ ನಿಂತಿರುತ್ತದೆ. ಶುರುವಿನಲ್ಲೇ ಅನಂತವಾದದ್ದನ್ನು ಸಣ್ಣ ಅಲುಗಾಟ ಎನ್ನುವುದು ಹೇಗೆ? ಆದ್ದರಿಂದ ಅಂಥದ್ದಕ್ಕೆ ಜಾಗವಿಲ್ಲ, ಕುಳಿ ಸ್ಥಿರ. 1968ರಲ್ಲಿ ಪಿಎಚ್‌ಡಿ ಸಿಕ್ಕಿತು, ಈ ಫಲಿತಾಂಶ 1970ರ ‘ಫಿಸಿಕಲ್ ರಿವ್ಯೂ’ದಲ್ಲಿ ಅಚ್ಚಾಯಿತು. ನನ್ನ ಮಟ್ಟಿಗೆ, ಮುಂದೆ ಬಂದ ನಡುಗಾಟದ ಶೋಧಕ್ಕಿಂತ ಈ ಕೆಲಸವೇ ಗಟ್ಟಿ. ಕಪ್ಪುಕುಳಿಗೆ ಇರಲು ಅನುಮತಿ ಕೊಟ್ಟದ್ದು ಇದು. ಆದರೆ ಸ್ಥಿರತೆಯ ಸುದ್ದಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಸ್ಥಿರವೆಂದು ಗೊತ್ತಾದ ಮೇಲೆ ಮುಂದಿನ ಪ್ರಶ್ನೆ ಸಹಜವಾಗಿ ಬಂತು. ಸ್ಥಿರವಾದದ್ದನ್ನು ಅಲುಗಿಸಿದರೆ ಅದು ಓಲಾಡಬೇಕಲ್ಲ? ಜೊತೆಗೆ ಇನ್ನೊಂದು ಚಿಂತೆಯೂ ಇತ್ತು. ಒಂಟಿ ಕಪ್ಪುಕುಳಿ ಬೆಳಕು ಬಿಡುವುದಿಲ್ಲ, ಅದು ಅಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ? ಅದರ ಮೇಲೆ ಏನನ್ನಾದರೂ ಎಸೆದು, ತಿರುಗಿ ಬಂದದ್ದನ್ನು ನೋಡಬೇಕು. ವಿಶ್ವೇಶ್ವರ ಗುರುತ್ವ ಅಲೆಯ, ಅಂದರೆ ದೇಶ-ಕಾಲದಲ್ಲಿ ಹರಡುವ ಅಲುಗಾಟದ, ತುಣುಕುಗಳನ್ನು ಎಸೆದರು. ಎಸೆದದ್ದು ಕಂಪ್ಯೂಟರಿನ ಲೆಕ್ಕದಲ್ಲಿ. ನಡುವೆ ಉಬ್ಬಿ ಎರಡು ಬದಿಗೆ ಇಳಿಯುವ, ಗೌಸನ ವಕ್ರದ ಆಕಾರದ ತುಣುಕುಗಳು.

ಅಗಲವಾದ ತುಣುಕು ಎಸೆದಾಗ ವಿಶೇಷವೇನೂ ಆಗಲಿಲ್ಲ. ಅಲೆ ಕುಳಿಯನ್ನು ಗಮನಿಸದೆ ಹಾದುಹೋದಂತೆ ಹೋಯಿತು. ಅಗಲ ಕಡಿಮೆ ಮಾಡಿದರು. ತಿರುಗಿ ಬಂದ ಅಲೆಯಲ್ಲಿ ಏರಿಳಿತಗಳು ತಲೆಯೆತ್ತಿದವು. ತುಣುಕಿನ ಅಗಲ ಕುಳಿಯ ಗಾತ್ರದಷ್ಟಾದಾಗ, ಅದಕ್ಕಿಂತಲೂ ಕಿರಿದಾದಾಗ, ಏರಿಳಿತಗಳು ಒಂದು ಖಾಯಂ ವಿನ್ಯಾಸಕ್ಕೆ ಬಂದು ನಿಂತವು. ಆಮೇಲೆ ಇನ್ನಷ್ಟು ಕಿರಿದು ಮಾಡಿದರೂ ಬಾಲದ ಆ ವಿನ್ಯಾಸ ಬದಲಾಗಲಿಲ್ಲ. ಅಡಿಕೆ ಮರವನ್ನು ಮೆಲ್ಲಗೆ ಬಿಡುವುದಕ್ಕೂ ತಟ್ಟನೆ ಬಿಡುವುದಕ್ಕೂ ಇರುವ ವ್ಯತ್ಯಾಸವೇ ಇದು. ಅಗಲವಾದ ಅಲೆ ಕುಳಿಯನ್ನು ಮೆಲ್ಲಗೆ ಬಗ್ಗಿಸಿ ಮೆಲ್ಲಗೆ ಬಿಡುತ್ತದೆ. ಕಿರಿದಾದ ಅಲೆ ತಟ್ಟಿ ಬಿಡುತ್ತದೆ. ಬಿಟ್ಟ ಮೇಲೆ ಕಾಣುವ ಲಯದಲ್ಲಿ ತಟ್ಟಿದವನ ಗುರುತಿಲ್ಲ, ತಟ್ಟಿಸಿಕೊಂಡದ್ದರ ಗುರುತಷ್ಟೇ ಇದೆ.

ಅಲ್ಲಿ ನಡುಗುವುದಾದರೂ ಏನು? ಕಪ್ಪುಕುಳಿಗೆ ಕಾಂಡವಿಲ್ಲ, ಮೇಲ್ಮೈಯೂ ಇಲ್ಲ. ನಡುಗುವುದು ಸುತ್ತಲಿನ ದೇಶ-ಕಾಲ. ರೆಜ್ಜೆ-ವೀಲರ್ ಸಮೀಕರಣದಲ್ಲಿ ಕುಳಿಯ ಅಂಚಿನಿಂದ ಸ್ವಲ್ಪ ಹೊರಗೆ, ಕೇಂದ್ರದಿಂದ ಅಂಚಿಗಿರುವ ದೂರದ ಸುಮಾರು ಒಂದೂವರೆ ಪಟ್ಟಿನಲ್ಲಿ, ಅಲೆಗಳಿಗೆ ಅಡ್ಡವಾಗಿ ಒಂದು ದಿಣ್ಣೆ ಇದೆ. ಬೆಳಕು ಕೂಡ ಕುಳಿಯನ್ನು ಸುತ್ತುಹಾಕಬಲ್ಲ ದೂರ ಹೆಚ್ಚು ಕಡಿಮೆ ಅದೇ. ಅಲೆ ಆ ದಿಣ್ಣೆಯ ನೆತ್ತಿಯಲ್ಲಿ ಸ್ವಲ್ಪ ಹೊತ್ತು ತೊಳಲಾಡಿ, ಒಂದು ಪಾಲು ಕುಳಿಯೊಳಗೆ ಜಾರುತ್ತದೆ, ಇನ್ನೊಂದು ಪಾಲು ದೂರಕ್ಕೆ ಹೋಗುತ್ತದೆ. ಎರಡು ಕಡೆಗೂ ಸೋರಿಕೆ. ಅದಕ್ಕೇ ನಡುಗಾಟ ಬೇಗ ಆರುತ್ತದೆ. 1971ರಲ್ಲಿ ವಿಲಿಯಂ ಪ್ರೆಸ್ ಇದನ್ನು ಕಪ್ಪುಕುಳಿಯ ಸ್ವಂತ ಕಂಪನವೆಂದೇ ವಿವರಿಸಿದರು. ಕ್ವಾಸಿನಾರ್ಮಲ್ ಮೋಡ್ ಎಂಬ ಹೆಸರು ಅಲ್ಲಿಂದ ನಿಂತಿತು. 1975ರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಮತ್ತು ಸ್ಟೀವನ್ ಡೆಟ್‌ವೈಲರ್ ಲಯದ ಸಂಖ್ಯೆಗಳನ್ನು ನಿಖರವಾಗಿ ಲೆಕ್ಕ ಹಾಕಿಕೊಟ್ಟರು.

ಆ ಸಂಖ್ಯೆಗಳನ್ನು ನೋಡಬೇಕು, ಯಾಕೆಂದರೆ ಅವು ಮೊದಲ ವರ್ಷದವರ ಕೈಗೆ ಸಿಗುವಂಥವು. ಸೂರ್ಯನಷ್ಟು ದ್ರವ್ಯರಾಶಿಯ, ತಿರುಗದ ಕಪ್ಪುಕುಳಿ ಸೆಕೆಂಡಿಗೆ ಸುಮಾರು 12,000 ಸಲ ನಡುಗುತ್ತದೆ. ಆ ನಡುಗಾಟ ಸೆಕೆಂಡಿನ ಹತ್ತು ಲಕ್ಷದಲ್ಲಿ 55 ಭಾಗದಷ್ಟು ಹೊತ್ತಿನಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚಿಗೆ ಇಳಿಯುತ್ತದೆ. ದ್ರವ್ಯರಾಶಿ ಹತ್ತು ಪಟ್ಟಾದರೆ ಲಯ ಹತ್ತನೇ ಒಂದಕ್ಕೆ ಇಳಿಯುತ್ತದೆ, ಆರುವ ಹೊತ್ತು ಹತ್ತು ಪಟ್ಟಾಗುತ್ತದೆ. ಅಷ್ಟೇ ನಿಯಮ. ಓಲಾಟದ ಗುಣಮಟ್ಟ ಅಳೆಯಲು ಪ್ರಯೋಗಾಲಯದಲ್ಲಿ ಕ್ವಾಲಿಟಿ ಫ್ಯಾಕ್ಟರ್ ತೆಗೆಯುತ್ತಾರಲ್ಲ, ಕಪ್ಪುಕುಳಿಗೆ ಅದು ಎರಡರ ಆಸುಪಾಸು. ಅಂದರೆ ಎರಡು ಮೂರು ಸಲ ಓಲಾಡಿ ಸುಮ್ಮನಾಗುವ ಸಾಮಾನು. ಬಾರ್ ಪೆಂಡ್ಯುಲಂ ಹೀಗೆ ನಡೆದುಕೊಂಡರೆ ಅಟೆಂಡರ್ ಅದನ್ನು ರಿಪೇರಿಗೆ ತೆಗೆದಿಡುತ್ತಾನೆ.

ಇಷ್ಟು ಬೇಗ ಆರುವ ನಡುಗಾಟವನ್ನು ಭೂಮಿಯ ಮೇಲೆ ಹಿಡಿಯಲು ಸಾಧ್ಯ ಎಂದು 1970ರಲ್ಲಿ ನಂಬುವುದು ಕಷ್ಟವಿತ್ತು. ವಿಶ್ವೇಶ್ವರ ಭಾರತಕ್ಕೆ ಮರಳಿದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಭಾರತೀಯ ಖಭೌತ ಸಂಸ್ಥೆಯಲ್ಲಿ ಕೆಲಸ ಮಾಡಿದರು. 1989ರಲ್ಲಿ ತೆರೆದ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದರು. ವ್ಯಂಗ್ಯಚಿತ್ರ ಬರೆಯುತ್ತಿದ್ದರು, ತಮಾಷೆಯಾಗಿ ಮಾತಾಡುತ್ತಿದ್ದರು. ಕಪ್ಪುಕುಳಿಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಕಾದಂಬರಿಯಂಥ ಪುಸ್ತಕವನ್ನೂ ಬರೆದರು. ಬೆಂಗಳೂರಿಗೆ ಹೋದ ಶಾಲಾಮಕ್ಕಳು ತಾರಾಲಯದಲ್ಲಿ ತಲೆ ಎತ್ತಿ ನಕ್ಷತ್ರ ನೋಡುವಾಗ ಅದರ ಹಿಂದಿದ್ದವರು ಯಾರೆಂದು ಕೇಳುತ್ತಿರಲಿಲ್ಲ, ಕೇಳಬೇಕಾದ ವಯಸ್ಸೂ ಅದಲ್ಲ.

2015ರ ಸೆಪ್ಟೆಂಬರ್ 14. ಅಮೆರಿಕದ ಲಿವಿಂಗ್‌ಸ್ಟನ್ ಮತ್ತು ಹ್ಯಾನ್‌ಫರ್ಡ್‌ಗಳಲ್ಲಿ, ಗುರುತ್ವ ಅಲೆ ಹಿಡಿಯಲೆಂದೇ ಕಟ್ಟಿದ, ಒಂದೊಂದು ತೋಳು ನಾಲ್ಕು ಕಿಲೋಮೀಟರ್ ಉದ್ದದ ಲೈಗೊ ಉಪಕರಣಗಳು, ಏಳು ಮಿಲಿಸೆಕೆಂಡ್ ಅಂತರದಲ್ಲಿ ಒಂದೇ ಸಂಕೇತವನ್ನು ದಾಖಲಿಸಿದವು. ತೋಳಿನ ಉದ್ದ ಬದಲಾದದ್ದು ಪ್ರೋಟಾನಿನ ಅಗಲದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಸೂರ್ಯನ 36 ಪಟ್ಟು ಮತ್ತು 29 ಪಟ್ಟು ದ್ರವ್ಯರಾಶಿಯ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತಿ ಕೂಡಿಕೊಂಡು 62 ಪಟ್ಟಿನ ಒಂದು ಕುಳಿಯಾಗಿದ್ದವು. ಉಳಿದ ಮೂರು ಸೂರ್ಯರಷ್ಟು ದ್ರವ್ಯರಾಶಿ ಅಲೆಯ ಶಕ್ತಿಯಾಗಿ ಹೋಗಿತ್ತು. ಸಂಕೇತದ ಕೊನೆಯ ಭಾಗದಲ್ಲಿ, ಆಗಷ್ಟೇ ಹುಟ್ಟಿದ ಹೊಸ ಕುಳಿ ನಡುಗಿ ಸುಮ್ಮನಾಗುವ ಗುರುತು ಇತ್ತು. 2016ರ ಫೆಬ್ರವರಿ 11ರಂದು ಸುದ್ದಿ ಪ್ರಕಟವಾಯಿತು. ಎಪ್ಪತ್ತೇಳರ ವಿಶ್ವೇಶ್ವರ ಅದನ್ನು ನೋಡಿದರು. 2017ರ ಜನವರಿ 16ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಲೈಗೊ ಕಟ್ಟಿದ ಮೂವರಿಗೆ ನೊಬೆಲ್ ಬಂತು.

ಮೊದಲ ಸಂಕೇತದಲ್ಲಿ ಬಾಲದ ಭಾಗ ಗದ್ದಲದಲ್ಲಿ ಅರ್ಧ ಮುಳುಗಿತ್ತು, ಅದನ್ನು ಎಷ್ಟು ನಂಬಬೇಕೆಂದು ತಜ್ಞರಲ್ಲೇ ಜಗ್ಗಾಟ ನಡೆಯಿತು. 2025ರ ಜನವರಿ 14ರಂದು ಸಿಕ್ಕ ಇನ್ನೊಂದು ಸಂಕೇತ ಅದಕ್ಕಿಂತ ಎಷ್ಟೋ ಸ್ಪಷ್ಟ. ಅದೂ ಸೂರ್ಯನ ಮೂವತ್ತಕ್ಕೂ ಹೆಚ್ಚು ಪಟ್ಟಿನ ಎರಡು ಕುಳಿಗಳ ಕೂಡಿಕೆಯೇ. ಹತ್ತು ವರ್ಷದಲ್ಲಿ ಉಪಕರಣಗಳು ಸುಧಾರಿಸಿದ್ದರಿಂದ ಈ ಸಲ ನಡುಗಾಟದ ಲಯವನ್ನೂ ಆರುವ ವೇಗವನ್ನೂ ಚೆನ್ನಾಗಿ ಅಳೆಯಲಾಯಿತು. ಎರಡು ಸಂಖ್ಯೆ ಸಿಕ್ಕರೆ ದ್ರವ್ಯರಾಶಿ, ತಿರುಗುವ ವೇಗ ಎರಡನ್ನೂ ಹೇಳಬಹುದು. ವಿಶ್ವೇಶ್ವರ ಲೆಕ್ಕದಲ್ಲಿ ಕಂಡ ಗುರುತು ಈಗ ಅಳತೆಗೋಲಾಗಿದೆ. ನಮ್ಮ ದೇಶದಲ್ಲೂ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೊ-ಇಂಡಿಯಾ ಕಟ್ಟಲು 2023ರಲ್ಲಿ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿದೆ.

ಪುತ್ತೂರು, ಸುಳ್ಯ, ಕಡಬದ ಕಾಲೇಜುಗಳಲ್ಲಿ ಮೊದಲ ವರ್ಷಕ್ಕೆ ಭೌತವಿಜ್ಞಾನ ಕಲಿಸುವವರಲ್ಲಿ ಒಂದು ವಿನಂತಿ. ಆರುವ ಓಲಾಟದ ಪಾಠ ಮುಗಿದ ದಿನ, ಸಾಪೇಕ್ಷತೆಯ ಅಧ್ಯಾಯಕ್ಕೆ ಕಾಯದೆ, ಮಕ್ಕಳಿಗೆ ಈ ಲೆಕ್ಕ ಕೊಡಿ. 2015ರ ಹೊಸ ಕುಳಿ 62 ಸೂರ್ಯರಷ್ಟು. ಬ್ರಹ್ಮಾಂಡ ಹಿಗ್ಗುವುದರಿಂದ ಅಲೆ ಹಿಗ್ಗಿ ನಮಗೆ ಅದು 68ರಂತೆ ಕಾಣುತ್ತದೆ. 12,000ವನ್ನು 68ರಿಂದ ಭಾಗಿಸಿದರೆ ಲಯ ಸೆಕೆಂಡಿಗೆ 176ರಷ್ಟು. 55ನ್ನು 68ರಿಂದ ಗುಣಿಸಿದರೆ ಆರುವ ಹೊತ್ತು ನಾಲ್ಕು ಮಿಲಿಸೆಕೆಂಡಿಗೆ ಸಮೀಪ. ವಿಜ್ಞಾನಿಗಳ ಪೂರ್ಣ ಲೆಕ್ಕದಲ್ಲಿ ಆರುವ ಹೊತ್ತು ನಾಲ್ಕು ಮಿಲಿಸೆಕೆಂಡೇ, ಲಯ ಮಾತ್ರ ಸುಮಾರು 250. ಈ ವ್ಯತ್ಯಾಸಕ್ಕೆ ಕಾರಣ ಆ ಕುಳಿ ಜೋರಾಗಿ ತಿರುಗುತ್ತಿರುವುದು. ತಿರುಗಿದರೆ ಲಯ ಯಾಕೆ ಏರಬೇಕು ಎಂದು ಕೇಳುವ ವಿದ್ಯಾರ್ಥಿ ಸಿಕ್ಕರೆ, ಬೆಂಗಳೂರಿನ ತಾರಾಲಯದಲ್ಲಿ ಬಿಎಸ್ಸಿ ಓದುವವರಿಗೆಂದೇ ನಡೆಯುವ ಭೌತವಿಜ್ಞಾನದ ತರಗತಿಗಳ ವಿವರ ಕೇಳಿ ಬರೆಯಲು ಹೇಳಿ.